ಉತ್ತಾನಶಯನೂ ಅವನ ಲಂಗೋಟಿಯೂ

ಅಮರಕೋಶದಲ್ಲಿ ಎಳೆಯ ಶಿಶುವಿಗೆ ಹೇಳಿರುವ ಹೆಸರುಗಳಲ್ಲಿ ಉತ್ತಾನಶಯ ಎಂಬುದೂ ಒಂದು. ಅಂಗಾತವಾಗಿ ಮಲಗಿರತಕ್ಕದ್ದು ಎಂದು ಅದರ ಅರ್ಥ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯಲ್ಲಿ ಸಂಸ್ಕೃತವನ್ನು ಪಾಠ ಹೇಳಿ, ಈ ಶಬ್ದವನ್ನು ಎಷ್ಟೋ ಮಂದಿ ಹುಡುಗರಿಂದ ಬಾಯಿಪಾಠ ಮಾಡಿಸಿದ ನಮಗೆ ಇದರ ಸ್ವಾರಸ್ಯವು ಪೂರ್ತಿಯಾಗಿ ತಿಳಿದುದು ನಿವೃತ್ತರಾದ ಮೇಲೆ, ನಮ್ಮ ಮೊಮ್ಮಗನು ಉತ್ತಾನಶಯನಾಗಿರುವುದನ್ನು ಬಿಟ್ಟುಬಿಟ್ಟಾಗ. ಅಂಗಾತ ಬಿದ್ದಿರುವಷ್ಟು ಕಾಲ ಮಗುವಿಗೆ ಬಟ್ಟೆ ಬದಲಾಯಿಸುವುದು ಒಂದು ದೊಡ್ಡ ಕೆಲಸವಲ್ಲ. ನಾಲ್ಕರಿಂದ ಆರು ತಿಂಗಳೊಳಗೆ ಅದು ಮಗ್ಗುಲಾಗಿ ಬೋರಲು ಬೀಳುವುದನ್ನು ಕಲಿಯಿತೆಂದರೆ, ಆಮೇಲೆ ಒಂದು ಲಂಗೋಟಿಯನ್ನು ಕಟ್ಟುವುದರಲ್ಲಿ ದೊಡ್ಡವರಿಗೆ ಬೆವರಿಳಿಯುತ್ತದೆ.

ನಮ್ಮ ಮನೆಯಲ್ಲಿ ಇದು ಬರಿಯ ನಗೆಯ ವಿಷಯವಾಗಿರಲಿಲ್ಲ. ಸೊಸೆಯು ಒಂದು ಖಾಸಗಿ ಕಚೇರಿಯಲ್ಲಿ ಉದ್ಯೋಗದಲ್ಲಿದ್ದಾಳೆ. ಹೆರಿಗೆಯ ರಜವನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿ 2017ರಲ್ಲಿ ಕಾನೂನನ್ನು ತಿದ್ದಿದರಷ್ಟೆ. ಆ 26 ವಾರಗಳು ತೀರುವುದಕ್ಕೂ ಮಗುವು ಹೊರಳಾಡಲು ಕಲಿಯುವುದಕ್ಕೂ ಯಾರೋ ಹೇಳಿ ಮಾಡಿಸಿದಂತೆ ಸರಿಹೋಗುತ್ತದೆ. ನಮ್ಮ ಮನೆಯವರಿಗೆ ಮಂಡಿನೋವು. ನೆಲದ ಮೇಲೆ ಕುಳಿತರೆ ಏಳಲಾರರು. ಆದಕಾರಣ ಹಗಲಿನಲ್ಲಿ ಈ ಕೆಲಸವು ನಮ್ಮ ಪಾಲಿಗೆ ಬಂದಿತು. ಬಂಧುಗಳಲ್ಲಿ ಹಿರಿಯರಾದ ಒಬ್ಬರು, "ಇದೇನು ಗಂಡಸರ ಕೈಲಾಗುವ ಕೆಲಸವೆ? ಹುಡುಗಿ ನೌಕರಿಯನ್ನು ಬಿಡಲಿ" ಎಂದು ಎಲ್ಲರ ಮುಂದೆಯೇ ಹೇಳಿದರು. ಆಕೆ ತಲೆಯೆತ್ತಲಿಲ್ಲ. ಆ ಕೆಲಸಕ್ಕಾಗಿ ಆಕೆ ಎಷ್ಟು ಓದಿದಳೆಂಬುದನ್ನು ನಾವು ಬಲ್ಲೆವು. "ಒಂದು ತಿಂಗಳು ನೋಡೋಣ, ನೀನು ಹೋಗಿ ಬಾಮ್ಮ" ಎಂದೆವು. "ನಿಮಗೆ ಕಷ್ಟವಾಗುತ್ತೆ, ಮಾವ" ಎಂದಳು, ಆದರೆ ಹೋದಳು.

ಮಗುವು ಒದ್ದಾಡುವುದನ್ನು ಹಟವೆಂದು ಕರೆಯುವುದು ನ್ಯಾಯವಲ್ಲ. ಹೊಸದಾಗಿ ಒಂದು ವಿದ್ಯೆಯನ್ನು ಕಲಿತಿರುವ ಪ್ರಾಣಿಯು ಅದನ್ನು ಕ್ಷಣಕ್ಷಣಕ್ಕೂ ಪ್ರಯೋಗಿಸಿ ನೋಡಬೇಕೆನ್ನುತ್ತದೆ. ನಾವಾದರೋ ಅದೇ ಸಮಯದಲ್ಲಿ ಅದನ್ನು ಅಂಗಾತ ಕೆಡವುತ್ತೇವೆ, ತಣ್ಣನೆಯ ಒದ್ದೆಬಟ್ಟೆಯಿಂದ ಒರಸುತ್ತೇವೆ, ಅಂಗಿಯಿಂದ ಮುಖವನ್ನು ಮುಚ್ಚುತ್ತೇವೆ. ಬಲವಾಗಿ ಅದುಮಿದರೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಇಮ್ಮಡಿ ಸೆಣಸುವುದು. ಬೆಂಚಿನ ಮೇಲೆ ಮಿಸುಕುವ ಹುಡುಗನನ್ನು ಗದರಿಸಿ ಕೂರಿಸಿದರೆ ಅವನ ಕಾಲು ಬೆಂಚಿನ ಕೆಳಗೆ ಇನ್ನೂ ಹೆಚ್ಚಾಗಿ ಆಡುವುದನ್ನು ಯಾವ ಉಪಾಧ್ಯಾಯನು ಕಂಡಿಲ್ಲ?

ಮೊದಲನೆಯದಾಗಿ, ನೆಲದ ಮೇಲೆಯೇ ಮಾಡತಕ್ಕದ್ದು. ಈಚೆಗೆ ಇದಕ್ಕೆಂದೇ ಎತ್ತರದ ಮೇಜುಗಳು ಬಂದಿವೆ. ಮಂಚದ ಅಂಚಿನಲ್ಲಿ ಮಾಡುವವರೂ ಉಂಟು. ಹೊರಳುವ ಮಗುವು ಬೀಳುವುದಕ್ಕೆ ನಾವು ಪಕ್ಕಕ್ಕೆ ತಿರುಗಿ ಡಬ್ಬಿಯನ್ನು ತೆಗೆದುಕೊಳ್ಳುವಷ್ಟು ಹೊತ್ತು ಸಾಕು. ನಮ್ಮ ಅಜ್ಜಿಯರು ನೆಲದಲ್ಲಿ ಕಾಲು ನೀಡಿ ಕುಳಿತು, ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆದು, ಅಲ್ಲಿಯೇ ಒರಸಿ ಬಟ್ಟೆ ತೊಡಿಸುತ್ತಿದ್ದರು. ಬೀಳುವ ಮಾತೇ ಇರಲಿಲ್ಲ. ನಾವು ಚಾಪೆಯ ಮೇಲೆ ರಬ್ಬರ್ ಹಾಳೆ, ಅದರ ಮೇಲೆ ಹಳೆಯ ಪಂಚೆಯ ಮಡಿಕೆ, ಇಷ್ಟನ್ನು ಹಾಸಿ, ಬೇಕಾದುದೆಲ್ಲವನ್ನೂ ಮೊದಲೇ ಬಲಗಡೆ ಇಟ್ಟುಕೊಂಡು, ಆಮೇಲೆ ಮಗುವನ್ನು ತರುತ್ತೇವೆ. ಎಡಗೈ ಅವನ ಹೊಟ್ಟೆಯ ಮೇಲೆ. ಅದು ಅದುಮುವುದಕ್ಕಲ್ಲ, ಅವನು ಯಾವ ಕಡೆಗೆ ಹೊರಟಿದ್ದಾನೆಂದು ತಿಳಿಯುವುದಕ್ಕೆ.

ಎರಡನೆಯದು, ಅವನ ಕೈಗೆ ಏನಾದರೂ ಕೊಡುವುದು. ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ ಮಗುವಿನ ಆಟಿಕೆಗಳ ಲಕ್ಷಣವನ್ನು ಹೇಳಿದೆ: ಬಣ್ಣವಿರಬೇಕು, ಸದ್ದು ಮಾಡಬೇಕು, ಹಗುರವಾಗಿರಬೇಕು, ಚೂಪಾದ ತುದಿಯಿರಕೂಡದು, ಬಾಯೊಳಗೆ ಹೋಗುವಂತಿರಕೂಡದು, ಮಗುವನ್ನು ಹೆದರಿಸಕೂಡದು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಿಲಕಿಯೊಂದನ್ನು ಈ ಲಕ್ಷಣಗಳಿಗೆ ಒಪ್ಪಿಸಿ ನೋಡಿಯೇ ತಂದೆವು. ಅದನ್ನು ಬಟ್ಟೆ ಬದಲಾಯಿಸುವಾಗಲಲ್ಲದೆ ಬೇರೆ ಹೊತ್ತಿನಲ್ಲಿ ಕೊಡುವುದಿಲ್ಲ. ಯಾವಾಗಲೂ ಕೈಯಲ್ಲಿರುವ ವಸ್ತುವಿಗೆ ಯಾರು ಬೆಲೆ ಕೊಟ್ಟಾರು?

ಗಿಲಕಿಯೂ ಸಾಲದಾದಾಗ ರಾಮಶಬ್ದವನ್ನು ಹೇಳುತ್ತೇವೆ. ರಾಮಃ, ರಾಮೌ ಎಂದೊಡನೆ ನಮ್ಮ ಬಾಯಿ ದುಂಡಗಾಗುವುದನ್ನು ಅವನು ಕಣ್ಣರಳಿಸಿ ನೋಡುತ್ತಾನೆ. ತೃತೀಯಾ ವಿಭಕ್ತಿಗೆ ಒರಸಿಯಾಗಿರಬೇಕು. ಸಪ್ತಮಿಗೆ ಲಂಗೋಟಿ ಬಿಗಿದಿರಬೇಕು. ಸಂಬೋಧನೆಗೆ ಬರುವಷ್ಟರಲ್ಲಿ ಅವನು ಬೋರಲು ಬಿದ್ದೇ ಬೀಳುತ್ತಾನೆ. ನಮ್ಮ ಮನೆಯವರು ಕುರ್ಚಿಯಲ್ಲಿ ಕುಳಿತು ನಗುತ್ತಾರೆ.

ಒರಸುವಾಗ ಎರಡು ಕಾಲುಗಳನ್ನೂ ಹಿಡಿದು ಸೊಂಟವು ಮೇಲೇಳುವಂತೆ ಎತ್ತುವ ಅಭ್ಯಾಸವು ಹಲವರಿಗುಂಟು. ಅದಕ್ಕಿಂತ ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಒರಸುವುದು ಮೇಲು. ಹೇಗೂ ಅವನು ಹೊರಳಬೇಕೆಂದೇ ಇರುತ್ತಾನೆ. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೆ ಮಾತ್ರವೇ ಒರಸಬೇಕು. ಪೌಡರು ಹಾಕುವ ರೂಢಿಯನ್ನು ಈಗಿನ ವೈದ್ಯರು ಒಪ್ಪುವುದಿಲ್ಲ; ಅದರ ಧೂಳು ಉಸಿರಿನೊಡನೆ ಎಳೆಯ ಪುಪ್ಪುಸಗಳಿಗೆ ಹೋಗುತ್ತದೆ. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟರೆ ಚರ್ಮಕ್ಕೂ ಹಿತ, ಅವನಿಗೂ ಸಂತೋಷ.

ಲಂಗೋಟಿಯೋ ಡಯಾಪರೋ ಎಂಬ ವಾದವು ನಮ್ಮಲ್ಲಿ ಬಹುಬೇಗ ಮುಗಿಯಿತು: ಹಗಲು ಲಂಗೋಟಿ, ರಾತ್ರಿಯೂ ಪ್ರಯಾಣದಲ್ಲಿಯೂ ಡಯಾಪರು. ಬಟ್ಟೆಗೆ ಚುಚ್ಚುವ ಸೇಫ್ಟಿಪಿನ್ನು 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಎಂಬಾತನ ಕೈಯಿಂದ ಬಂದುದು. ನಮ್ಮವರು ಉಡಿದಾರಕ್ಕೆ ಸಿಕ್ಕಿಸಿ ಕೆಲಸ ತೀರಿಸುತ್ತಿದ್ದರು, ಹೊರಳಾಡುವ ಮಗುವಿನ ಬಳಿ ಚೂಪಾದುದು ಇಲ್ಲದಿರುವುದೇ ಕ್ಷೇಮ. ಡಯಾಪರಿನ ಸೊಂಟದಲ್ಲಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಒದ್ದೆಯಾದ ಮೇಲೆ ತಡಮಾಡಿದರೆ ತೊಡೆಸಂದು ಕೆಂಪಾಗುವುದು. ಕೆಂಪಾದ ಮೇಲೆ ಒರಸಿದರೆ ಉರಿಯುವುದು. ಉರಿದ ನೆನಪಿನಿಂದ ಮರುದಿನ ಚಾಪೆಯನ್ನು ಕಂಡರೇ ಅಳುವುದು. ಮಲಮೂತ್ರ ಸೋಂಕಿದ ವಸ್ತ್ರವನ್ನು ಬಿಡಬೇಕೆಂದೂ, ಬೇರೆ ಇಲ್ಲದಿದ್ದರೆ ಅದನ್ನೇ ಚೆನ್ನಾಗಿ ಒಗೆದು ಧೂಪ ಹಾಕಿ ಪೂರ್ತಿಯಾಗಿ ಒಣಗಿಸಿ ಬಳಸಬೇಕೆಂದೂ ಚರಕನು ಅಲ್ಲಿಯೇ ಹೇಳಿದ್ದಾನೆ. ಹೊಗೆಯು ಕೂಸಿನ ಉಸಿರಿಗೆ ಒಳ್ಳೆಯದಲ್ಲವಾದ್ದರಿಂದ ಧೂಪವನ್ನು ನಾವು ಬಿಟ್ಟಿದ್ದೇವೆ. ಬಿಸಿಲಿಗೆ ಹಾಕುವುದನ್ನು ಬಿಟ್ಟಿಲ್ಲ.

ಅಂಗಿಯ ವಿಷಯದಲ್ಲಿ ಒಂದು ಮಾತು. ಪುಟ್ಟ ಕೈಯನ್ನು ತೋಳಿನೊಳಗೆ ತುರುಕಬಾರದು. ತೋಳಿನ ಬಟ್ಟೆಯನ್ನೆಲ್ಲ ಮುದುರಿ, ಹೊರಗಿನಿಂದ ನಮ್ಮ ಬೆರಳುಗಳನ್ನು ಒಳಕ್ಕೆ ಇಳಿಸಿ, ಅವನ ಮುಷ್ಟಿಯನ್ನು ಹಿಡಿದುಕೊಂಡು ಬಟ್ಟೆಯನ್ನು ಅವನ ಮೇಲಕ್ಕೆ ಎಳೆಯಬೇಕು. ತಲೆಯ ಮೇಲಿಂದ ಹಾಕುವ ಅಂಗಿಗಿಂತ ಮುಂದೆ ಕಟ್ಟುವ ಅಂಗಿಯು ಈ ವಯಸ್ಸಿಗೆ ಉತ್ತಮ.

ತಿಂಗಳು ಕಳೆದು ನಾಲ್ಕು ತಿಂಗಳಾಯಿತು. ನೌಕರಿ ಬಿಡುವ ಮಾತು ಮತ್ತೆ ಏಳಲಿಲ್ಲ. ಆ ಹಿರಿಯರು ಮೊನ್ನೆ ಬಂದಿದ್ದಾಗ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದು, ಒದ್ದೆಯಾದ ಬಟ್ಟೆಯನ್ನು ತಾವೇ ಬಕೀಟಿಗೆ ಹಾಕಿದರು. ಮೊಮ್ಮಗನು ಈಗ ಕಿಟಕಿಯ ಸರಳನ್ನು ಹಿಡಿದು ನಿಲ್ಲುತ್ತಾನೆ. ಮಲಗೆಂದರೆ ಒಪ್ಪುವುದಿಲ್ಲವಾಗಿ, ಚಡ್ಡಿಯಂತೆ ಏರಿಸುವ ಡಯಾಪರನ್ನು ನಿಂತಲ್ಲಿಯೇ ಹಾಕುತ್ತೇವೆ, ಒಂದು ಕೈ ಅವನ ಸೊಂಟದಲ್ಲಿಟ್ಟು. ರಾಮಶಬ್ದಕ್ಕೆ ಈಗ ಸೋಲುವುದಿಲ್ಲ. ಹರಿಶಬ್ದವನ್ನು ಆರಂಭಿಸಿದ್ದೇವೆ.