ಬೋರ್ಡು ಇರೋದು ಅಳಿಸೋಕೆ

ಬೋರ್ಡು ಅಂದ್ರೆ ಬರೆಯೋಕೆ ಅಂತ ಎಲ್ಲರೂ ಅಂದ್ಕೋತಾರೆ. ನನ್ನ ಕೇಳಿದ್ರೆ ಅದು ಅಳಿಸೋಕೆ. ಬರೆಯೋದಷ್ಟೇ ಆದ್ರೆ ಗೋಡೆ ಸಾಲದೇ?

ವೇಮಗಲ್‌ನಲ್ಲಿ ನಮ್ಮನೆ ಮುಂದಿನ ಕೋಣೆಗೆ ಸಂಜೆ ಹದಿನಾಲ್ಕು ಮಕ್ಕಳು ಟ್ಯೂಷನ್‌ಗೆ ಬರ್ತಾರೆ. ಹೆಚ್ಚಿನವರ ಅಪ್ಪ ಅಮ್ಮ ಇಲ್ಲಿನ ಅಥವಾ ನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಕೆಲಸದವರು. ಅವರು ಕೊಡುವ ಫೀಸಿನಲ್ಲೇ ಬೋರ್ಡೂ ಬರಬೇಕು. ಯಾರೋ ಕೊಟ್ಟಿದ್ದ ಹಳೇ ಬೋರ್ಡಿನಲ್ಲಿ ನಿನ್ನೆಯ ಲೆಕ್ಕದ ನೆರಳು ಹಾಗೇ ಉಳಿದು, ಇವತ್ತಿನ 3 ಹಿಂದೆ ಕೂತ ಹುಡುಗಿಗೆ 8 ಆಗಿ ಕಂಡಿತು. ವಿಧಾನ ಸರಿ, ಉತ್ತರ ತಪ್ಪು. ಪಾಪ, ಅವಳದ್ದೇನು ತಪ್ಪು?

ಕೋಲಾರದ ಅಂಗಡಿಯವರು, "ಎಲ್ಲಾ ಬಿಳೀನೇ ಅಲ್ವಾ ಮೇಡಂ, ಯಾವ್ದಾದ್ರೂ ತಗೊಳ್ಳಿ" ಅಂದ್ರು. ಬಿಳಿ ಬಿಳಿಗೂ ವ್ಯತ್ಯಾಸ ಇದೆ.

ಅಗ್ಗದ್ದು ಮೆಲಮೈನ್. ಮಾರ್ಕರ್ ಇಂಕಿನಲ್ಲಿ ಬಣ್ಣ ಗಟ್ಟಿಯಾಗಿ ಅಂಟದಂತೆ ತಡೆಯುವ ಎಣ್ಣೆಯಂಥ ವಸ್ತು ಇರುತ್ತೆ, ಅದಕ್ಕೇ ಒಣಬಟ್ಟೆಗೇ ಅಳಿಸುತ್ತೆ. ಆದರೆ ಮೆಲಮೈನ್ ಮೈ ಸವೆದಂತೆ ಬಣ್ಣ ಒಳಗೆ ಕೂತುಬಿಡುತ್ತೆ, ಮೆಲಮೈನ್ ತಟ್ಟೆಯಲ್ಲಿ ಸಾರಿನ ಅರಿಶಿನ ಕೂತ ಹಾಗೆ. ಗಾಜಿನಲ್ಲಿ ಕಲೆ ಕೂರಲ್ಲ. ಆದ್ರೆ ಭಾರ, ದುಬಾರಿ, ಮೇಲಾಗಿ ಟ್ಯೂಬ್‌ಲೈಟ್ ಅದರಲ್ಲಿ ಹೊಳೆದು ಒಂದು ಮೂಲೆಯವರಿಗೆ ಅಕ್ಷರವೇ ಕಾಣಲ್ಲ. ಇವೆರಡರ ನಡುವೆ ಎನಾಮಲ್. ಅಂಗಡಿಯಲ್ಲಿ ಸೆರಾಮಿಕ್ ಬೋರ್ಡು ಅಂತಾರೆ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಕೂರಿಸಿದ್ದು. ನಮ್ಮಜ್ಜಿಯ ಎನಾಮಲ್ ತಟ್ಟೆ ನೆನಪಿಸಿಕೊಳ್ಳಿ: ಬಿದ್ದರೆ ಅಂಚು ಚಕ್ಕೆ ಏಳುತ್ತಿತ್ತು, ಆದರೆ ಅರಿಶಿನ ಮಾತ್ರ ಹಿಡಿಯುತ್ತಿರಲಿಲ್ಲ.

ಹಿಂದೆ ಹಳ್ಳಿ ಶಾಲೆಗಳಲ್ಲಿ ಕರಿಹಲಗೆ ಮಾಸಿದರೆ ಇದ್ದಿಲು, ತೊಂಡೆಸೊಪ್ಪು ಅರೆದು ಬಳಿದರೆ ಆಯಿತು, ಮತ್ತೆ ಹೊಸದು. ಬಿಳಿ ಬೋರ್ಡಿಗೆ ಅಂಥ ಮರುಜನ್ಮ ಇಲ್ಲ. ಆದ್ದರಿಂದ ತರುವಾಗಲೇ ಮೈ ನೋಡಿ ತರಬೇಕು.

6x4 ಅಡಿಯ ಆಸೆ ಬಿಟ್ಟು 4x3 ಅಡಿಯ ಎನಾಮಲ್ ತಂದೆ. ದೊಡ್ಡ ಮೆಲಮೈನ್‌ಗಿಂತ ಸ್ವಚ್ಛವಾಗಿ ಅಳಿಸುವ ಚಿಕ್ಕದೇ ಮೇಲು. ಒಣಬಟ್ಟೆಯಲ್ಲೇ ಒರೆಸ್ತೀವಿ, ನಮ್ಮ ಬೋರ್‌ವೆಲ್ ನೀರು ತಾಗಿದರೆ ಬೇರೆಯೇ ಬಿಳಿ ಕಲೆ ಉಳಿಯುತ್ತೆ. ನಲಿ-ಕಲಿ ತರಗತಿಗಳಲ್ಲಿ ಮಕ್ಕಳ ಕೈಗೆ ಎಟುಕುವಂತೆ ಗೋಡೆಯ ಕೆಳಭಾಗದಲ್ಲಿ ಹಲಗೆ ಇರುತ್ತಲ್ಲ, ಹಾಗೆ ಇದನ್ನೂ ತಗ್ಗಿನಲ್ಲೇ ಹೊಡೆಸಿದ್ದೀನಿ. ತಪ್ಪಾದರೂ ಗುರುತಿಲ್ಲದೆ ಅಳಿಸಿಹೋಗುತ್ತೆ ಅನ್ನೋ ಧೈರ್ಯ ಇದ್ದರೆ ತಾನೇ ಮಗು ಎದ್ದು ಬಂದು ಬರೆಯೋದು?