ಕರೆದಾಗ ಬರುವ ನಡುಕ

ಯಂತ್ರಗಳ ಕಾಯಿಲೆಗಳಲ್ಲಿ ಹೆಚ್ಚಿನವು ಪರೀಕ್ಷಿಸಲು ಕುಳಿತವರ ಎದುರು ಅಡಗಿಕೊಂಡು, ಅವರು ಬೆನ್ನು ತಿರುಗಿಸಿದ ಮೇಲೆ ಹೊರಬರುವ ಸ್ವಭಾವದವು. ಮನೆಯ ಅಂಗಳದಲ್ಲಿ ಕೇಳಿಸಿದ ಕೀರಲು ಸದ್ದು ಗ್ಯಾರೇಜಿನಲ್ಲಿ ಕೇಳಿಸುವುದಿಲ್ಲ. ಏರಿನಲ್ಲಿ ಕಂಡ ಎಳೆತದ ಕೊರತೆ ಸಮತಟ್ಟಿನಲ್ಲಿ ಕಾಣುವುದಿಲ್ಲ. ಇವುಗಳ ನಡುವೆ, ಎಸಿ ಹಾಕಿದಾಗ ಮಾತ್ರ ಕಾರು ನಡುಗುವ ದೋಷ ಅಪೂರ್ವ ಜಾತಿಯದು: ಗುಂಡಿ ಒತ್ತಿದರೆ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಹೋಗುತ್ತದೆ. ದೋಷವನ್ನು ಹುಡುಕುವ ಕೆಲಸವನ್ನೇ ಪ್ರೀತಿಸುವವರಿಗೆ ಇದು ಕೊಡುವಷ್ಟು ಸಂತೋಷವನ್ನು ಬೇರೆ ಯಾವ ದೋಷವೂ ಕೊಡಲಾರದು, ಏಕೆಂದರೆ ಇಲ್ಲಿ ಕಾಯಿಲೆಯೇ ಪರೀಕ್ಷೆಗೆ ಒದಗಿ ನಿಲ್ಲುತ್ತದೆ.

ದೋಷ ಹುಡುಕುವ ಈ ವಿದ್ಯೆಗೆ ಕಬಕದಂಥ ಊರು ತಕ್ಕ ನೆಲೆ. ಮಾಣಿಯಿಂದ ಮೈಸೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ, ಪುತ್ತೂರಿಗೆ ತುಸು ಮೊದಲು, ವಿಟ್ಲದ ರಸ್ತೆ ಕವಲೊಡೆಯುವಲ್ಲಿ ಈ ಊರಿದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಎಸಿ ಇಲ್ಲದೆ ಕಾರಿನಲ್ಲಿ ಕೂರುವುದು ಕಷ್ಟ. ಜೂನ್ ಬಂದು ಮಳೆ ಹಿಡಿದ ಮೇಲೆ ಕಿಟಕಿ ಏರಿಸಿದ ಕೂಡಲೇ ಗಾಜಿಗೆ ಮಂಜು ಕಟ್ಟುತ್ತದೆ, ಅದನ್ನು ಬಿಡಿಸಲೂ ಎಸಿಯೇ ಬೇಕು. ಎಸಿ ಗಾಳಿಯನ್ನು ತಂಪು ಮಾಡುವಾಗ ಅದರೊಳಗಿನ ತೇವವನ್ನು ನೀರಾಗಿಸಿ ಕಾರಿನ ಅಡಿಯಿಂದ ಹೊರಗೆ ತೊಟ್ಟಿಕ್ಕಿಸುತ್ತದೆ, ಹಾಗೆ ಒಣಗಿದ ಗಾಳಿ ಗಾಜಿನ ಮಂಜನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಬಯಲುಸೀಮೆಯಲ್ಲಿ ಬೇಸಗೆಯ ಅತಿಥಿಯಾಗಿರುವ ಕಂಪ್ರೆಸರ್ ಈ ಭಾಗದಲ್ಲಿ ವರ್ಷದ ಬಹುಪಾಲು ದುಡಿಯುತ್ತದೆ, ಮತ್ತು ಅದು ದುಡಿದಷ್ಟೂ ಎಂಜಿನ್ ಭಾರದ ಪರೀಕ್ಷೆಗೆ ಒಳಗಾಗುತ್ತದೆ.

ಭಾರ ಎಂದರೇನೆಂಬುದನ್ನು ಮೊದಲು ತಿಳಿಯಬೇಕು. ಎಸಿಯ ಹೃದಯವಾದ ಕಂಪ್ರೆಸರ್, ಅನಿಲವನ್ನು ಒತ್ತಿ ಬಿಸಿ ಮಾಡಿ ಮುಂದಕ್ಕೆ ತಳ್ಳುವ ಪಂಪು. ಅದು ಸಾಮಾನ್ಯ ಕಾರುಗಳಲ್ಲಿ ಬೆಲ್ಟಿನ ಮೂಲಕ ಎಂಜಿನ್ನಿನಿಂದಲೇ ತಿರುಗುತ್ತದೆ. ಕಂಪ್ರೆಸರಿನ ಪುಲ್ಲಿ, ಅಂದರೆ ಬೆಲ್ಟು ಹಾಯುವ ಗಾಲಿ, ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಬರಿದೇ ಸುತ್ತುತ್ತಿರುತ್ತದೆ. ಗುಂಡಿ ಒತ್ತಿದಾಗ ವಿದ್ಯುತ್ಕಾಂತದ ಬಲದಿಂದ ಒಂದು ಕ್ಲಚ್ ತಟ್ಟೆ ಪುಲ್ಲಿಗೆ ಅಂಟಿಕೊಂಡು, ಆ ಸುತ್ತುವಿಕೆಯನ್ನು ಕಂಪ್ರೆಸರಿನ ಒಳಗಿನ ದಂಡಕ್ಕೆ ದಾಟಿಸುತ್ತದೆ. ಬಾನೆಟ್ ತೆರೆದು ನಿಂತವರಿಗೆ ಕೇಳಿಸುವ ‘ಟಕ್’ ಎಂಬ ಸದ್ದು ಅದೇ. 1940ರ ಮಾದರಿಯ ಪ್ಯಾಕಾರ್ಡ್ ಕಾರು ಕಾರ್ಖಾನೆಯಿಂದಲೇ ಎಸಿ ಹೊತ್ತು ಬಂದ ಮೊದಲ ಕಾರುಗಳಲ್ಲೊಂದು. ಅದರಲ್ಲಿ ಈ ಕ್ಲಚ್ ಇರಲಿಲ್ಲವಾದ್ದರಿಂದ ಕಂಪ್ರೆಸರನ್ನು ನಿಲ್ಲಿಸಬೇಕಾದರೆ ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು. ಭಾರವನ್ನು ಬೆರಳ ತುದಿಯಲ್ಲಿ ಕರೆದು ಬೆರಳ ತುದಿಯಲ್ಲಿ ಕಳುಹಿಸುವ ಈಗಿನ ಅನುಕೂಲ ಎಷ್ಟು ದೊಡ್ಡದೆಂಬುದು ಆ ಕಾರನ್ನು ನೆನೆದಾಗ ಅರಿವಾಗುತ್ತದೆ.

ನಿಂತ ಕಾರಿನ ಎಂಜಿನ್ ಆಕ್ಸಿಲರೇಟರ್ ಒತ್ತದೆಯೂ ತನ್ನಷ್ಟಕ್ಕೆ ಸುತ್ತುವುದನ್ನು ಐಡ್ಲಿಂಗ್ ಎನ್ನುತ್ತಾರೆ; ಆಗ ಅದರ ವೇಗ ನಿಮಿಷಕ್ಕೆ ಸುಮಾರು 700ರಿಂದ 850 ಸುತ್ತು. ಆ ವೇಗದಲ್ಲಿ ಎಂಜಿನ್ನಿನ ಕಸುವು ತನ್ನನ್ನು ತಾನು ಸುತ್ತಿಸಿಕೊಳ್ಳುವುದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಕಂಪ್ರೆಸರಿನ ಭಾರ ಬಿದ್ದರೆ ವೇಗ ಕುಸಿಯಬೇಕು. ಕುಸಿಯದಂತೆ ಎಂಜಿನ್ನಿನ ಕಂಪ್ಯೂಟರ್ ಮುಂಚಿತವಾಗಿಯೇ ಗಾಳಿ ಮತ್ತು ಇಂಧನವನ್ನು ಹೆಚ್ಚಿಸಿ, ವೇಗವನ್ನು ಕಾಯ್ದುಕೊಳ್ಳುತ್ತದೆ ಅಥವಾ ಒಂದಷ್ಟು ಏರಿಸುತ್ತದೆ. ಈ ಏರ್ಪಾಡಿನಲ್ಲಿ ಎಲ್ಲಿಯಾದರೂ ಲೋಪವಿದ್ದರೆ ನಡುಕ ಕಾಣಿಸಿಕೊಳ್ಳುತ್ತದೆ. ತೋಟದಿಂದ ಬರಿಗೈಯಲ್ಲಿ ನಡೆದು ಬರುವವರ ಮೊಣಕಾಲಿನ ದೌರ್ಬಲ್ಯ ಯಾರಿಗೂ ಕಾಣುವುದಿಲ್ಲ, ಅಡಿಕೆಯ ಹೊರೆ ತಲೆಗೇರಿದಾಗ ಮಾತ್ರ ಕಾಣುತ್ತದೆ. ಆಗ ಹೊರೆಯನ್ನು ದೂರುವುದು ನ್ಯಾಯವಲ್ಲ. ಎಸಿ ಹಾಕಿದಾಗ ನಡುಗುವ ಕಾರಿನ ಬಹುಪಾಲು ಪ್ರಸಂಗಗಳಲ್ಲಿಯೂ ದೋಷ ಎಂಜಿನ್ನಿನ ಮೊಣಕಾಲಿನಲ್ಲಿ ಮೊದಲೇ ಇರುತ್ತದೆ.

ಆ ಮೊಣಕಾಲನ್ನು ಗ್ಯಾರೇಜಿನ ಮಾತಿನಲ್ಲಿ ಮೌಂಟಿಂಗ್ ಎನ್ನುತ್ತಾರೆ. ಎಂಜಿನ್ನನ್ನು ಕಾರಿನ ಒಡಲಿಗೆ ನೇರವಾಗಿ ಬಿಗಿಯದೆ, ನಡುವೆ ರಬ್ಬರಿನ ದಪ್ಪ ಮೆತ್ತೆಗಳನ್ನಿಟ್ಟು ಕೂರಿಸಿರುತ್ತಾರೆ. ಆ ಮೆತ್ತೆಗಳೇ ಮೌಂಟಿಂಗುಗಳು. ಅವುಗಳ ಮೇಲೆ ಕುಳಿತ ಎಂಜಿನ್ನಿಗೆ, ತೊಟ್ಟಿಲಿಗೆ ಇರುವಂತೆ, ತನ್ನದೇ ಒಂದು ತೂಗಾಟದ ಲಯವಿದೆ. ತೊಟ್ಟಿಲನ್ನು ಅದರ ಲಯಕ್ಕಿಂತ ಬಹಳ ಬೇಗ ಬೇಗ ತಟ್ಟಿದರೆ ಅದು ಅಷ್ಟಾಗಿ ಅಲುಗದು, ಲಯಕ್ಕೆ ಸರಿಯಾಗಿ ತಟ್ಟಿದರೆ ಸಣ್ಣ ತಟ್ಟಿಗೂ ದೊಡ್ಡದಾಗಿ ತೂಗುತ್ತದೆ. ಮೂರು ಸಿಲಿಂಡರಿನ ಎಂಜಿನ್ 800 ಸುತ್ತಿನಲ್ಲಿ ಸೆಕೆಂಡಿಗೆ 20 ಬಾರಿ ಸಿಡಿಯುತ್ತದೆ, ನಾಲ್ಕು ಸಿಲಿಂಡರಿನದು ಅದೇ ವೇಗದಲ್ಲಿ ಸುಮಾರು 27 ಬಾರಿ. ಈ ಸಿಡಿತಗಳೇ ತಟ್ಟುಗಳು. ಎಸಿಯ ಭಾರಕ್ಕೆ ವೇಗ 650ಕ್ಕೆ ಇಳಿದರೆ ಮೂರು ಸಿಲಿಂಡರಿನ ತಟ್ಟು ಸೆಕೆಂಡಿಗೆ 16ರ ಹತ್ತಿರಕ್ಕೆ ಬಂದು, ಎಂಜಿನ್ನಿನ ತೂಗಾಟದ ಲಯದತ್ತ ಸರಿಯುತ್ತದೆ. 1983ರಲ್ಲಿ ಬಂದ ಮಾರುತಿ 800ರಿಂದ ಮೊದಲ್ಗೊಂಡು ನಮ್ಮ ಅನೇಕ ಸಣ್ಣ ಕಾರುಗಳು ಮೂರು ಸಿಲಿಂಡರಿನವು. ಎಸಿ ಹಾಕಿದಾಗ ಸ್ಟೀರಿಂಗ್ ನಡುಗುವುದು ಅವುಗಳಲ್ಲಿ ಹೆಚ್ಚಾಗಿ ಕೇಳಿಬರುವುದಕ್ಕೆ ಇದೂ ಒಂದು ಕಾರಣ.

ಹಲಸಿನ ಕಾಯನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದಿನಲ್ಲೇ ಅದರ ಬಲಿತ ಹದವನ್ನು ಹೇಳುವ ಜನರ ನಾಡಿದು. ಕಿವಿ ಮತ್ತು ಅಂಗೈಗಳನ್ನು ನಂಬುವ ಅದೇ ಅಭ್ಯಾಸ ಇಲ್ಲಿಯೂ ನೆರವಿಗೆ ಬರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಸಿ ಹಾಕಿ, ಸ್ಟೀರಿಂಗಿನ ಮೇಲೆ ಅಂಗೈಯನ್ನು ಹಗುರವಾಗಿ ಇಡಬೇಕು. ಎಡೆಬಿಡದ ಗುಂಯ್ಗುಡುವ ನಡುಕವಾದರೆ ಅದು ಸಿಡಿತಗಳ ಸಹಜ ತಟ್ಟು ಮೌಂಟಿಂಗನ್ನು ದಾಟಿ ಬರುತ್ತಿರುವ ಲಕ್ಷಣ. ‘ದಡ್ ದಡ್’ ಎಂದು ಬಿಡಿಬಿಡಿಯಾಗಿ ತಿಳಿಯುವಷ್ಟು ನಿಧಾನದ ಕುಲುಕಾದರೆ ವಿಷಯ ಬೇರೆ: ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಮಾತ್ರ ಸಿಡಿಯುವುದರಿಂದ, ಅದು ಕೆಲಸ ತಪ್ಪಿಸಿದರೆ 800 ಸುತ್ತಿನಲ್ಲಿ ನಿಮಿಷಕ್ಕೆ 400 ಸಲ, ಸೆಕೆಂಡಿಗೆ ಸುಮಾರು ಏಳು ಸಲ ಕುಲುಕುತ್ತದೆ. ಮೆಕ್ಯಾನಿಕರು ‘ಮಿಸ್ಸಿಂಗ್ ಇದೆ’ ಎನ್ನುವುದು ಇದನ್ನೇ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರುಗಳತ್ತ ನೋಡಬೇಕೆಂದು ಆ ಏಳರ ಲಯವೇ ಹೇಳುತ್ತದೆ. ಸೆಕೆಂಡಿಗೆ 20 ಮತ್ತು ಸೆಕೆಂಡಿಗೆ ಏಳು ಎಂಬ ಎರಡು ಲಯಗಳನ್ನು ಅಂಗೈ ಮೊದಲ ಬಾರಿಗೆ ಬೇರ್ಪಡಿಸಿ ಗುರುತಿಸಿದ ಕ್ಷಣ, ಶ್ರುತಿ ಕೂಡಿದ್ದನ್ನು ಕಿವಿ ಮೊದಲ ಬಾರಿಗೆ ಹಿಡಿದ ಕ್ಷಣದಷ್ಟೇ ಆಳವಾಗಿ ಮನಸ್ಸಿನಲ್ಲಿ ಉಳಿಯುತ್ತದೆ.

ಮುಂದಿನ ಹೆಜ್ಜೆಗಳೆಲ್ಲ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ಶಿಸ್ತಿನವು. ಎಸಿ ಬಂದ್ ಮಾಡಿ, ಹೆಡ್‌ಲೈಟ್ ಮತ್ತು ಹಿಂಗಾಜಿನ ಹೀಟರ್ ಹಾಕಿದರೆ ಆಲ್ಟರ್ನೇಟರ್, ಅಂದರೆ ವಿದ್ಯುತ್ ಉತ್ಪಾದಿಸುವ ಯಂತ್ರ, ಎಂಜಿನ್ನಿನ ಮೇಲೆ ಮತ್ತೊಂದು ಬಗೆಯ ಭಾರ ಹೇರುತ್ತದೆ. ಅದಕ್ಕೂ ಕಾರು ನಡುಗಿದರೆ ಕಂಪ್ರೆಸರ್ ನಿರ್ದೋಷಿ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗೆ ಮಸಿ ಕಟ್ಟಿದಂಥ ಐಡ್ಲಿಂಗಿನ ದೋಷವನ್ನೇ ಹುಡುಕಬೇಕು. ಎಸಿ ಹಾಕಿಕೊಂಡೇ ಎಂಜಿನ್ನನ್ನು 1500 ಸುತ್ತಿಗೆ ಏರಿಸಿದಾಗ ನಡುಕ ಮಾಯವಾದರೆ ಐಡ್ಲಿಂಗ್ ಅಥವಾ ಮೌಂಟಿಂಗಿನ ಮೇಲಿನ ಸಂಶಯ ಬಲವಾಗುತ್ತದೆ; ವೇಗದೊಂದಿಗೆ ಅದೂ ಏರಿದರೆ ಪುಲ್ಲಿಯ ಬೇರಿಂಗ್, ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್, ಕಂಪ್ರೆಸರಿನ ಒಳಭಾಗ ಇವುಗಳ ಸರದಿ. ಇನ್ನೊಂದು ಪರೀಕ್ಷೆ ಇವೆಲ್ಲಕ್ಕಿಂತ ಸುಂದರವಾದದ್ದು. ಗುಂಡಿ ಒತ್ತಿದಾಗ ಕಂಪ್ರೆಸರಿನ ಜೊತೆಗೆ ರೇಡಿಯೇಟರಿನ ಮುಂದಿದ್ದು ಅನಿಲದ ಬಿಸಿಯನ್ನು ಹೊರಬಿಡುವ ಕಂಡೆನ್ಸರನ್ನು ತಂಪಾಗಿಸುವ ಫ್ಯಾನೂ ತಿರುಗತೊಡಗುವುದರಿಂದ, ನಡುಕ ಯಾರದೆಂಬ ಗೊಂದಲ ಉಳಿದೇ ಇರುತ್ತದೆ. ಎಂಜಿನ್ ನಿಲ್ಲಿಸಿ ಕಂಪ್ರೆಸರಿನ ಕ್ಲಚ್ಚಿಗೆ ವಿದ್ಯುತ್ ಹರಿಸುವ ರಿಲೇಯನ್ನು ಕಿತ್ತು, ಮತ್ತೆ ಚಾಲೂ ಮಾಡಿ ಎಸಿ ಹಾಕಿದರೆ, ಬಹುತೇಕ ಕಾರುಗಳಲ್ಲಿ ಫ್ಯಾನ್ ಮಾತ್ರ ತಿರುಗುತ್ತದೆ. ಆಗಲೂ ನಡುಕ ಉಳಿದರೆ ಎಸಳು ಮುರಿದ ಅಥವಾ ಕೆಸರು ಮೆತ್ತಿ ತೂಕ ತಪ್ಪಿದ ಫ್ಯಾನ್ ಸಿಕ್ಕಿಬೀಳುತ್ತದೆ.

ಈ ನೆಲದ ಕೆಂಪು ಮಣ್ಣು, ಎಲೆ, ಮಳೆಗಳಿಗೆ ಈ ಕಾಯಿಲೆಯಲ್ಲಿ ತಮ್ಮದೇ ಪಾಲಿದೆ. ತೋಟದ ದಾರಿಯ ಕೆಸರು ಕಂಡೆನ್ಸರಿನ ತೆಳು ರೆಕ್ಕೆಗಳ ನಡುವೆ ಒಣಗಿ ಕೂತರೆ ಅನಿಲದ ಬಿಸಿ ಹೊರಹೋಗದೆ ಒತ್ತಡ ಏರುತ್ತದೆ, ಏರಿದ ಒತ್ತಡಕ್ಕೆ ಎದುರಾಗಿ ತಳ್ಳಬೇಕಾದ ಕಂಪ್ರೆಸರ್ ಎಂಜಿನ್ನನ್ನು ಇನ್ನಷ್ಟು ಎಳೆಯುತ್ತದೆ. ಅನಿಲವನ್ನು ಅಳತೆ ಮೀರಿ ತುಂಬಿದರೂ ಫಲ ಅದೇ. ಈಗಿನ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಅನಿಲ, ಎಂಜಿನ್ ನಿಂತಿರುವಾಗ, 30 ಡಿಗ್ರಿ ಉಷ್ಣತೆಯಲ್ಲಿ ಸುಮಾರು 97 ಪಿಎಸ್‌ಐ ಒತ್ತಡ ತೋರಿಸುತ್ತದೆ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಅಷ್ಟೇ, ತುಂಬಿ ತುಳುಕುತ್ತಿದ್ದರೂ ಅಷ್ಟೇ. ಆದುದರಿಂದ ಒತ್ತಡಮಾಪಕದ ಮುಳ್ಳನ್ನು ನೋಡಿ ಪ್ರಮಾಣವನ್ನು ಊಹಿಸಲು ಬಾರದು, ಬಾನೆಟ್ಟಿನೊಳಗಿನ ಚೀಟಿಯಲ್ಲಿ ಬರೆದಷ್ಟು ಗ್ರಾಂ ತೂಕ ಮಾಡಿಯೇ ತುಂಬಬೇಕು. ಡ್ಯಾಶ್‌ಬೋರ್ಡ್ ಮಾತ್ರ ಗಡಗಡಿಸಿ ಸೀಟು ಶಾಂತವಾಗಿದ್ದರೆ ಇಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಮರದಡಿ ನಿಲ್ಲಿಸಿದ ಕಾರಿನಲ್ಲಿ, ಒಳಗೆ ಗಾಳಿ ಬೀಸುವ ಬ್ಲೋವರಿನೊಳಗೆ ಜಾರಿದ ಒಣ ಎಲೆಯೋ, ಇಲಿ ತಂದಿಟ್ಟ ಗೂಡಿನ ನಾರೋ ಅಲ್ಲಿ ಸಿಗುತ್ತದೆ.

ಇಷ್ಟೆಲ್ಲ ಕಳೆದು ಉಳಿಯುವುದು ಮೌಂಟಿಂಗಾದರೆ, ಅದನ್ನು ಕಣ್ಣಾರೆ ಕಾಣುವ ಕ್ರಮವಿದೆ. ಒಬ್ಬರು ಚಾಲಕನ ಸೀಟಿನಲ್ಲಿ ಕೂರುತ್ತಾರೆ, ಇನ್ನೊಬ್ಬರು ಬಾನೆಟ್ ಎತ್ತಿ, ಬೆಲ್ಟಿನಿಂದ ಕೈ ಮತ್ತು ಬಟ್ಟೆಗಳನ್ನು ದೂರವಿಟ್ಟು ಟಾರ್ಚ್ ಹಿಡಿಯುತ್ತಾರೆ. “ಅಣ್ಣಾ, ಒಮ್ಮೆ ಎಸಿ ಹಾಕಿ” ಎಂಬ ಮಾತು, ‘ಟಕ್’ ಎಂಬ ಸದ್ದು, ಎಂಜಿನ್ನಿನ ಒಂದು ಸಣ್ಣ ಹೊರಳು. “ಈಗ ಬಂದ್ ಮಾಡಿ” ಎಂದರೆ ಅದು ಮರಳಿ ತನ್ನ ಜಾಗಕ್ಕೆ. ಸುಸ್ಥಿತಿಯ ರಬ್ಬರ್ ಈ ಹೊರಳನ್ನು ತಾನೇ ನುಂಗುತ್ತದೆ. ಸೆಕೆಗೂ ಎಣ್ಣೆಯ ಜಿನುಗಿಗೂ ಸಿಕ್ಕಿದ ರಬ್ಬರಿನಲ್ಲಿ, ಎಂಜಿನ್ ಹೊರಳಿದಾಗ, ಕೂದಲೆಳೆಯಂತಿದ್ದ ಗೆರೆಯೊಂದು ಬಾಯಿ ಬಿಟ್ಟು ಒಳಗಿನ ಹೊಸ ಕಪ್ಪನ್ನು ತೋರಿಸುತ್ತದೆ; ಎಸಿ ಬಂದ್ ಆದೊಡನೆ ಆ ಬಾಯಿ ಮುಚ್ಚಿಕೊಂಡು ಹೊರಗಿನ ಧೂಳುಬಣ್ಣದಲ್ಲಿ ಕರಗಿಹೋಗುತ್ತದೆ. ಹತ್ತು ಸಲ ಹಾಕಿ ಹತ್ತು ಸಲ ತೆಗೆದರೂ ಅಷ್ಟು ಸಲವೂ ಅದು ತಪ್ಪದೆ ತೆರೆದು ಮುಚ್ಚುತ್ತದೆ. ಕಾರ್ಯಕಾರಣದ ಸಂಬಂಧವನ್ನು ಇಷ್ಟು ಹತ್ತಿರದಿಂದ, ಇಷ್ಟು ಸಲ ಕಾಣುವ ಅವಕಾಶ ಬೇರೆ ಎಷ್ಟೋ ವಿದ್ಯೆಗಳಿಗೆ ಇಲ್ಲ.

ಕಾರ್ಬುರೇಟರಿನ ಕಾಲದಲ್ಲಿ ಇಂಥ ದೂರುಗಳಿಗೆ ಸ್ಕ್ರೂ ತಿರುಗಿಸಿ ಐಡ್ಲಿಂಗನ್ನು ಏರಿಸಿಬಿಡುವ ರೂಢಿಯಿತ್ತು. ನಡುಕ ಅಡಗುತ್ತಿತ್ತು, ಪೆಟ್ರೋಲ್ ಹೆಚ್ಚು ಉರಿಯುತ್ತಿತ್ತು, ಸೀಳಿದ ರಬ್ಬರ್ ಸೀಳುತ್ತಲೇ ಹೋಗುತ್ತಿತ್ತು. ಈ ವಿದ್ಯೆಯನ್ನು ಪ್ರೀತಿಸುವವರು ಅದನ್ನು ಒಪ್ಪಲಾರರು, ಏಕೆಂದರೆ ಕರೆದಾಗ ಬಂದು ನಿಂತು ತನ್ನ ಊರನ್ನು ತಾನೇ ಹೇಳುವ ದೋಷಕ್ಕೆ ಸಲ್ಲಬೇಕಾದ ಮರ್ಯಾದೆ ಅದಲ್ಲ. ಹೊಸ ಮೌಂಟಿಂಗ್ ಕೂರಿಸಿದ ಮೇಲಿನ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಕಬಕದಲ್ಲಿ ವಿಟ್ಲದ ಕಡೆಗೆ ತಿರುಗಲು ಎದುರಿನ ಬಸ್ಸಿಗಾಗಿ ಕಾದು ನಿಂತಾಗ, ಎಸಿ ಹಾಕಿಕೊಂಡು, ಗೇರಿನ ಹಿಡಿಯ ಮೇಲೆ ಅಂಗೈ ಇಟ್ಟರೆ ಸಾಕು: ಮುಂದೆಲ್ಲೋ ‘ಟಕ್’ ಎನ್ನುತ್ತದೆ, ಸುತ್ತಿನ ಮುಳ್ಳು ಒಂದು ಗೆರೆ ಇಳಿದು ಮೇಲೇರಿ ನಿಲ್ಲುತ್ತದೆ, ಅಂಗೈಗೆ ಏನೂ ತಿಳಿಯುವುದಿಲ್ಲ.