ಡಬ್ಬಿಗೆ ಆರು ತೂತು

ಮನೆಯಲ್ಲೇ ಗಿಟಾರ್ ಪೆಡಲ್ ಮಾಡುವ ಹುಚ್ಚಿರುವ ಯಾರನ್ನಾದರೂ ಕೇಳಿ ನೋಡಿ. ಬಿಡಿಭಾಗ ಹುಡುಕೋದು ಖುಷಿ, ಬೆಸುಗೆ ಹಾಕೋದು ಖುಷಿ, ಮೊದಲ ಸಲ ಸದ್ದು ಬಂದಾಗ ಎಲ್ಲಕ್ಕಿಂತ ಖುಷಿ. ಆದರೆ ಡಬ್ಬಿಗೆ ತೂತು ಕೊರೆಯೋ ದಿನ ಬಂತೆಂದರೆ ಮುಖ ಸಣ್ಣದಾಗುತ್ತೆ. ಸರ್ಕ್ಯೂಟಿನಲ್ಲಿ ಏನೋ ಹೆಚ್ಚುಕಡಿಮೆ ಆದರೆ ಬೆಸುಗೆ ಕರಗಿಸಿ ಮತ್ತೆ ಹಾಕಬಹುದು. ಲೋಹಕ್ಕೆ ಬಿದ್ದ ತೂತು ಬಿದ್ದದ್ದೇ.

ಪೆಡಲ್ ಏನಂತ ಗೊತ್ತಿಲ್ಲದವರಿಗೆ ಎರಡೇ ಮಾತು. ಎಲೆಕ್ಟ್ರಿಕ್ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ ಪುಟ್ಟ ಲೋಹದ ಡಬ್ಬಿ ಅದು. ಒಳಗಿನ ಸರ್ಕ್ಯೂಟು ಸದ್ದನ್ನು ಒರಟು ಮಾಡಬಹುದು, ಮಾರ್ದನಿ ಕೊಡಬಹುದು, ಸುಮ್ಮನೆ ಜೋರು ಮಾಡಬಹುದು. ಕಾಲಿನಿಂದ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. 1962ರಲ್ಲಿ ಮಾರುಕಟ್ಟೆಗೆ ಬಂದ ಮೇಸ್ಟ್ರೋ ಫಜ್ ಟೋನ್‌ನಿಂದ ಹಿಡಿದು ಇವತ್ತಿನವರೆಗೆ ಈ ವಿಷಯ ಹೆಚ್ಚು ಬದಲಾಗಿಲ್ಲ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಊರು ತೆಂಗಳಿ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಅಂದರೆ ನಿಮಗೆ ನೆನಪಾಗೋದು ಸಿಮೆಂಟು, ತೊಗರಿ, ಇಲ್ಲವೇ ನಿಮ್ಮ ಅಜ್ಜಿ ಮನೆಯ ನೆಲಕ್ಕೆ ಹಾಸಿದ ತಣ್ಣಗಿನ ಬೂದು ಕಲ್ಲು. ಆ ಕಲ್ಲಿನ ಹೆಸರೇ ಶಹಾಬಾದಿ. ಭೂಮಿಯೊಳಗೆ ಪದರ ಪದರವಾಗಿ ಮಲಗಿರುವ ಸುಣ್ಣದ ಕಲ್ಲು. ನಮ್ಮಪ್ಪ ಮೂವತ್ತು ವರ್ಷ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಮಷೀನಿನ ಮುಂದೆ ನಿಂತವರು.

ಆ ಮೂವತ್ತು ವರ್ಷದಲ್ಲಿ ಅಪ್ಪನ ಕಿವಿ ಸ್ವಲ್ಪ ಸ್ವಲ್ಪವೇ ಹೋಯಿತು. ಇಂಥ ದಿನ ಹೋಯಿತು ಅಂತ ಹೇಳುವ ಹಾಗಿಲ್ಲ. ಮೊದಲು ಹಕ್ಕಿ ಸದ್ದು ಹೋಯಿತು. ಆಮೇಲೆ ಮಾತಿನ ‘ಸ’ ಮತ್ತು ‘ಶ’. ಆಮೇಲೆ ನಾವು ಮಕ್ಕಳು ಪಿಸುಗುಟ್ಟಿದ್ದು. ಡಾಕ್ಟರು ಹೇಳಿದ್ದು ಇಷ್ಟು: ಮಷೀನಿನ ಗದ್ದಲ ಮೊದಲು ತಿನ್ನುವುದು ಸುಮಾರು 4000 ಹರ್ಟ್ಝ್ ಆಸುಪಾಸಿನ ಎತ್ತರದ ದನಿಗಳನ್ನು. ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ. ಕೆಳಗಿನ ದಪ್ಪ ದನಿಗಳು ಬಹಳ ಕಾಲ ಉಳಿಯುತ್ತವೆ.

ಇದರಿಂದ ಅಪ್ಪನಿಗೆ ಆದ ದೊಡ್ಡ ನಷ್ಟ ಮಾತಿನದ್ದಲ್ಲ. ಸೋಮವಾರ ರಾತ್ರಿ ಗುಡಿಯಲ್ಲಿ ಭಜನೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಎತ್ತಿದರೆ ಅಪ್ಪನದ್ದೇ ಮುಂಚೂಣಿ ದನಿ. ತಾಳ, ದಮ್ಮಡಿಯ ನಡುವೆ ಏಕತಾರಿಯ ಶ್ರುತಿ ಕೇಳದ ಹಾಗಾದ ಮೇಲೆ ದನಿ ಎಲ್ಲೆಲ್ಲೋ ಹೋಗತೊಡಗಿತು. ಯಾರೂ ಏನೂ ಅನ್ನಲಿಲ್ಲ. ಒಂದು ಸೋಮವಾರ ಅಪ್ಪ ‘ಸೊಂಟ ನೋವದ’ ಅಂದರು. ಅದರ ಮುಂದಿನ ಸೋಮವಾರವೂ ಅದೇ ಸೊಂಟ. ಹೀಗೆ ನಾಲ್ಕು ವರ್ಷ. ಹಿಯರಿಂಗ್ ಏಡ್ ಕೊಡಿಸಿದೆವು. ಸಂತೆಗೆ, ಬ್ಯಾಂಕಿಗೆ ಹಾಕ್ಕೋತಾರೆ. ಭಜನೆಯಲ್ಲಿ ತಾಳದ ಸದ್ದು ಕಿವಿಗೆ ಮೊಳೆ ಹೊಡೆದ ಹಾಗೆ ಆಗ್ತದಂತೆ.

ನನ್ನ ತಲೆಗೆ ಬಂದ ಉಪಾಯ ದೊಡ್ಡದೇನಲ್ಲ. ಏಕತಾರಿಯ ಬುರುಡೆಗೆ ಒಂದು ಪೀಜೋ ಡಿಸ್ಕ್ ಅಂಟಿಸಬೇಕು. ಬಜರ್‌ಗಳ ಒಳಗೆ ಇರುತ್ತಲ್ಲ, ರೂಪಾಯಿ ನಾಣ್ಯದಂಥ ಹಿತ್ತಾಳೆ ಬಿಲ್ಲೆ, ಅದೇ. ತಂತಿ ನಡುಗಿದರೆ ಬುರುಡೆ ನಡುಗುತ್ತೆ, ಬಿಲ್ಲೆ ಆ ನಡುಕವನ್ನು ವಿದ್ಯುತ್ ಸಂಕೇತ ಮಾಡುತ್ತೆ. ಪೀಜೋಗೆ ಒಂದು ಹಟ ಇದೆ. ಅದನ್ನು ನೇರವಾಗಿ ಸಾಮಾನ್ಯ ಆಂಪ್ಲಿಫೈಯರಿಗೆ ಕೊಟ್ಟರೆ ದಪ್ಪ ದನಿ ಸೋರಿಹೋಗಿ ಬರೀ ಚಿರ್ ಚಿರ್ ಉಳಿಯುತ್ತೆ. ನಡುವೆ 10 ಲಕ್ಷ ಓಮ್ ಅಥವಾ ಅದಕ್ಕಿಂತ ಹೆಚ್ಚು ಇನ್‌ಪುಟ್ ಪ್ರತಿರೋಧ ಇರುವ ಬೂಸ್ಟರ್ ಬೇಕು. ಒಂದು ಜೆಫೆಟ್ ಟ್ರಾನ್ಸಿಸ್ಟರು, ಕೆಲವು ರೆಸಿಸ್ಟರು, ಕೆಪಾಸಿಟರು, 9 ವೋಲ್ಟ್. ಗಿಟಾರಿಗೆ ನಾನು ಮಾಡಿಕೊಳ್ಳುವ ಪೆಡಲ್ಲೇ ಇದು, ಬರೀ ವಾದ್ಯ ಬೇರೆ. ಅಪ್ಪನಿಗೆ ಉಳಿದಿರೋದೇ ದಪ್ಪ ದನಿ. ಅದು ಸೋರಬಾರದು.

ಎಸ್.ಪಿ. ರೋಡಿನಲ್ಲಿ ಸಾಮಾನು ತಗೊಂಡು, ಬೋರ್ಡು ಬೆಂಗಳೂರಲ್ಲೇ ಮುಗಿಸಿ, ಖಾಲಿ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ವಾಡಿ ಜಂಕ್ಷನ್ನಿನಲ್ಲಿ ಇಳಿದೆ. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಡ್ರಿಲ್ ಹಚ್ಚಿದರೆ ಕೆಳಗಿನ ಮನೆಯವರು ಮೇಲೆ ಬರ್ತಾರೆ. ಊರಲ್ಲಿ ಆ ಚಿಂತೆ ಇಲ್ಲ.

ಡಬ್ಬಿ ಎರಕದ ಅಲ್ಯೂಮಿನಿಯಮ್ಮಿನದ್ದು. ಪೆಡಲ್ ಮಾಡುವವರೆಲ್ಲ ಬಳಸುವ 1590ಬಿ ಅಳತೆ: ಸುಮಾರು 112 ಮಿ.ಮೀ. ಉದ್ದ, 60 ಅಗಲ, 31 ಎತ್ತರ. ಪ್ಲಾಸ್ಟಿಕ್ ಡಬ್ಬಿ ಅಗ್ಗ, ಕೊರೆಯೋದೂ ಸಲೀಸು. ಆದರೆ ಸುತ್ತಲಿನ ವೈರು, ಟ್ಯೂಬ್‌ಲೈಟುಗಳಿಂದ ಬರುವ 50 ಹರ್ಟ್ಝ್‌ನ ಗುಂಯ್ ಸದ್ದು ಪ್ಲಾಸ್ಟಿಕ್ಕನ್ನು ಲೆಕ್ಕಕ್ಕಿಡೋದಿಲ್ಲ. ಲೋಹದ ಡಬ್ಬಿಯನ್ನು ಗ್ರೌಂಡಿಗೆ ಸೇರಿಸಿದರೆ ಆ ಗದ್ದಲದ ಬಹುಪಾಲು ಹೊರಗೇ ನಿಲ್ಲುತ್ತೆ. 1836ರಲ್ಲಿ ಮೈಕೆಲ್ ಫ್ಯಾರಡೆ ದೊಡ್ಡ ಲೋಹದ ಪಂಜರ ಕಟ್ಟಿ ತೋರಿಸಿದ್ದು ಇದನ್ನೇ.

ತೂತುಗಳು ಆರು. ಎರಡು ಜ್ಯಾಕಿಗೆ 10 ಮಿ.ಮೀ.ನ ಎರಡು. ವಾಲ್ಯೂಮ್ ತಿರುಗಿಸುವ ಗುಂಡಿಗೆ 7. ಎಲ್‌ಇಡಿಗೆ 5. ಒತ್ತುವ ಸ್ವಿಚ್ಚಿಗೆ 12. ಪವರ್ ಸಾಕೆಟ್ಟಿಗೆ ಮತ್ತೊಂದು 12. ಸಾಕೆಟ್ಟುಗಳು ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ, ಕೊರೆಯುವ ಮುಂಚೆ ಕೈಯಲ್ಲಿರುವುದನ್ನೇ ಅಳೆಯಿರಿ.

ಪಡಸಾಲೆಯ ಶಹಾಬಾದಿ ಕಟ್ಟೆಯ ಮೇಲೆ ಎಲ್ಲ ಹರವಿಕೊಂಡು ಕೂತಾಗ ಅಪ್ಪ ಬಂದು ನಿಂತರು.

“ಏನವಾ ಇದು?”

“ಡಬ್ಬಿ. ತೂತು ಕೊರೀಬೇಕು,” ಅಂತ ಜೋರಾಗಿ ಹೇಳಿದೆ.

“ನೀ ಕೊರೀತಿ?” ಅಂದು ನನ್ನ ದುಪಟ್ಟಾ ಕಡೆ ಬೆರಳು ಮಾಡಿದರು. “ಮದ್ಲ ಅದು ತೆಗಿ.”

ಹೆಣ್ಣುಮಗಳು ಡ್ರಿಲ್ ಹಿಡಿಯೋದು ಬೇಡ ಅಂತಾರೇನೋ ಅಂದುಕೊಂಡಿದ್ದೆ. ಅವರು ಹೇಳಿದ್ದು ತಿರುಗುವ ಮಷೀನಿನ ಮೊದಲ ಪಾಠ. ದುಪಟ್ಟಾ, ಬಿಟ್ಟ ಕೂದಲು, ಉದ್ದ ತೋಳು, ಕೈಗವಸು, ಯಾವುದೂ ತಿರುಗುವ ಬಿಟ್ಟಿನ ಹತ್ತಿರ ಇರಕೂಡದು. ಗವಸು ರಕ್ಷಣೆ ಅನ್ನಿಸುತ್ತೆ, ಆದರೆ ಬಿಟ್ಟು ಬಟ್ಟೆ ಹಿಡಿದರೆ ಬೆರಳನ್ನೂ ಜೊತೆಗೆ ಎಳೆಯುತ್ತೆ. ಕಣ್ಣಿಗೆ ಕನ್ನಡಕ ಮಾತ್ರ ಬೇಕೇ ಬೇಕು.

ಆಮೇಲಿನ ಎರಡು ಗಂಟೆ ನಾವು ಮಾತಾಡಿದ್ದಕ್ಕಿಂತ ಕೈ ತೋರಿಸಿದ್ದೇ ಹೆಚ್ಚು. ನೀವೂ ಮಾಡುವವರಿದ್ದರೆ ಕ್ರಮ ಹೀಗಿದೆ. ತೂತಿನ ನಕ್ಷೆಯನ್ನು ಕಾಗದದ ಮೇಲೆ ಪ್ರಿಂಟ್ ತಗೊಳ್ಳಿ. ಪ್ರಿಂಟರಿಗೆ ಶೇ. 100 ಅಳತೆ ಅಂತಲೇ ಹೇಳಿ, ‘ಪುಟಕ್ಕೆ ಹೊಂದಿಸು’ ಅಂದರೆ ಅದು ಸದ್ದಿಲ್ಲದೆ ಕುಗ್ಗಿಸಿಬಿಡುತ್ತೆ. ಸ್ಕೇಲ್ ಇಟ್ಟು ನೋಡಿ, ಆಮೇಲೆ ಡಬ್ಬಿಗೆ ಅಂಟಿಸಿ. ಡಬ್ಬಿಯ ಮೂಲೆಗಳಲ್ಲಿ ಸ್ಕ್ರೂ ಕಂಬಗಳಿವೆ, ಒಳಗೆ ಜ್ಯಾಕು, ಗುಂಡಿ, ಸ್ವಿಚ್ಚು ಒಂದಕ್ಕೊಂದು ತಾಗದೆ ಕೂರಬೇಕು. ಹೊರಗಿನಿಂದ ಚಂದ ಕಂಡರೆ ಸಾಲದು.

ಪ್ರತಿ ಗುರುತಿನ ಮೇಲೆ ಸೆಂಟರ್ ಪಂಚ್ ಇಟ್ಟು ಒಂದು ಪೆಟ್ಟು. ಆ ಸಣ್ಣ ಕುಳಿ ಇಲ್ಲದಿದ್ದರೆ ಬಿಟ್ಟು ನುಣುಪು ಲೋಹದ ಮೇಲೆ ಜಾರಿ ಊರೆಲ್ಲ ತಿರುಗುತ್ತೆ. ಅಪ್ಪ ಪಂಚ್ ಹಿಡಿದ ರೀತಿಯಲ್ಲೇ ಗೊತ್ತಾಯಿತು, ಇದು ಅವರ ಉಳಿಯ ಸಂಬಂಧಿ. “ಕಲ್ಲಿಗೂ ಹಿಂಗೇ. ಮದ್ಲ ಜಾಗ ಹೇಳಬೇಕು, ಆಮ್ಯಾಲ ಕೆಲಸ ಹೇಳಬೇಕು.”

ಡಬ್ಬಿಯ ಒಳಗೆ ಮರದ ತುಂಡು ಕೊಟ್ಟು ಕ್ಲ್ಯಾಂಪಿನಲ್ಲಿ ಬಿಗಿ ಮಾಡಿ. ಮೊದಲು 3 ಮಿ.ಮೀ. ಬಿಟ್ಟಿನ ತೂತು. ದೊಡ್ಡ ಅಳತೆಗೆ ಸಾಮಾನ್ಯ ಬಿಟ್ಟನ್ನೇ ತುರುಕಿದರೆ ತೆಳು ತಗಡಿನಲ್ಲಿ ಅದು ಕಚ್ಚಿಕೊಳ್ಳುತ್ತೆ, ಗುಂಡಗಿರಬೇಕಾದ ತೂತು ಮೂರು ಮೂಲೆ ಆಗುತ್ತೆ. ಅದಕ್ಕೆ ಸ್ಟೆಪ್ ಡ್ರಿಲ್ ಬೇಕು. ಗೋಪುರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿರುವ ಬಿಟ್ಟು, ಒಂದೊಂದು ಮೆಟ್ಟಿಲಿಗೂ ತೂತು ಸ್ವಲ್ಪ ಅಗಲ. ಬಿಟ್ಟು ದೊಡ್ಡದಾದಷ್ಟು ವೇಗ ಕಡಿಮೆ. ಒಂದು ಹನಿ ಸೀಮೆಎಣ್ಣೆ ಹಾಕಿದರೆ ಅಲ್ಯೂಮಿನಿಯಮ್ ಬಿಟ್ಟಿಗೆ ಮೆತ್ತಿಕೊಳ್ಳೋದಿಲ್ಲ. ಬಿಟ್ಟು ಬಿಸಿಯಾದೀತು, ಬೆಂಕಿಯ ಹತ್ತಿರ ಮಾತ್ರ ಈ ಕೆಲಸ ಬೇಡ.

ಕಷ್ಟದ ಕ್ಷಣ ತೂತು ಪೂರ್ತಿ ಬೀಳುವ ಕ್ಷಣ. ಲೋಹ ಮುಗಿಯುವಾಗ ಬಿಟ್ಟು ಒಮ್ಮೆಗೇ ಎಳೆಯುತ್ತೆ. ನಾನು ಅದನ್ನು ಸದ್ದಿನಿಂದ ಕಂಡುಹಿಡೀತೀನಿ, ಕೀರಲು ದನಿ ತೆಳುವಾಗುತ್ತೆ. ಅಪ್ಪನಿಗೆ ಆ ಸದ್ದು ಕೇಳೋದೇ ಇಲ್ಲ. ಅವರು ಡಬ್ಬಿಯ ಪಕ್ಕದ ಮರದ ಹಲಗೆ ಮೇಲೆ ಎರಡು ಬೆರಳು ಇಟ್ಟಿದ್ದರು. ಆರೂ ತೂತಿಗೆ, ನನ್ನ ಕಿವಿಗೆ ತಿಳಿಯುವ ಅರೆಗಳಿಗೆ ಮೊದಲೇ, “ಸಾಕು, ಒತ್ತಬ್ಯಾಡ” ಅಂದರು. ಆರೂ ಸಲ ಸರಿ.

“ಹೆಂಗ ಗೊತ್ತಾಗ್ತದ?” ಅಂದೆ.

“ಕಿವಿ ಹೋದ್ಮ್ಯಾಲ ಮಷೀನು ಬಿಟ್ಟಿದ್ದೆನೇನು? ಹತ್ತು ವರ್ಷ ಕೈಲೇ ಕೇಳೀನಿ.”

ನಮ್ಮ ಬೆರಳ ತುದಿ ಸುಮಾರು 200ರಿಂದ 300 ಹರ್ಟ್ಝ್ ನಡುಕಕ್ಕೆ ಬಹಳ ಚುರುಕು ಅಂತ ಎಲ್ಲೋ ಓದಿದ್ದೆ. ಅದರ ಕೆಳಗಿನ ದನಿಗಳನ್ನೂ ಅದು ಹಿಡಿಯುತ್ತೆ. ಓದಿದ್ದು ಆಗ ನೆನಪಾಯಿತು. ಪೆಡಲ್ಲಿಗೆ ಇನ್ನೊಂದು ಕೆಲಸ ಸಿಕ್ಕಿತು.

ತೂತಿನ ಅಂಚಿನ ಮುಳ್ಳನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ಸವರಿದೆವು. ಅಲ್ಯೂಮಿನಿಯಮ್ ಪುಡಿಯನ್ನು ಬ್ರಶ್ಶಿನಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬೋರ್ಡು ಒಳಗೆ. ಒಂದು ಚೂರು ಪುಡಿ ಉಳಿದರೂ ಅದು ಎರಡು ತಂತಿ ಸೇರಿಸಿ ಶಾರ್ಟ್ ಮಾಡಬಹುದು.

ಆ ಸೋಮವಾರ ಗುಡಿಯ ಹಳೇ ಆಂಪ್ಲಿಫೈಯರಿಗೆ ಡಬ್ಬಿ ಸೇರಿಸಿದೆವು. ಸ್ಪೀಕರ್ ಪೆಟ್ಟಿಗೆಯನ್ನು ಅಪ್ಪನ ಎಡಗೈ ಪಕ್ಕಕ್ಕೆ ಎಳೆದೆವು. ಏಕತಾರಿ ಮೀಟಿದಾಗ ಅಪ್ಪ ಅಂಗೈಯನ್ನು ಪೆಟ್ಟಿಗೆ ಮೇಲೆ ಇಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹಾಡಿದರು. ದನಿ ಹಳೆಯದಲ್ಲ, ಎತ್ತರದ ಜಾಗದಲ್ಲಿ ಎರಡು ಸಲ ಅಲ್ಲಾಡಿತು. ಆದರೆ ಪ್ರತಿ ಪಲ್ಲವಿಗೂ ಮನೆಗೆ ಬಂದ ಹಾಗೆ ಶ್ರುತಿಗೆ ಬಂತು. ದಮ್ಮಡಿಯವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಪೆಡಲ್ ಅಂದರೆ ಕಾಲಿನದ್ದು. ಅಪ್ಪ ಅದನ್ನು ಕೈಯಲ್ಲೇ ಒತ್ತುತ್ತಾರೆ. ವಾದ್ಯಕ್ಕೆ ಸಂಬಂಧಿಸಿದ್ದನ್ನು, ಅದೂ ಗುಡಿಯಲ್ಲಿ, ಕಾಲಿನಿಂದ ಮುಟ್ಟೋದು ಅವರಿಗೆ ಒಗ್ಗೋದಿಲ್ಲ.

ಇದರಿಂದ ಕಿವಿ ವಾಪಸ್ ಬರಲಿಲ್ಲ, ಬರೋದೂ ಇಲ್ಲ. ಫೋನಿನಲ್ಲಿ ಈಗಲೂ ನಾನು ಎರಡೆರಡು ಸಲ ಹೇಳಬೇಕು. ಅದಕ್ಕೇ ಓದುತ್ತಿರುವ ನಿಮಗೆ ಒಂದು ಲೆಕ್ಕ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅನ್ನುವುದು ತಜ್ಞರು ಇಟ್ಟಿರುವ ಮಿತಿ. ಪ್ರತಿ 3 ಡೆಸಿಬೆಲ್ ಹೆಚ್ಚಾದಾಗ ಆ ಸಮಯ ಅರ್ಧ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. 100ಕ್ಕೆ ಹದಿನೈದೇ ನಿಮಿಷ. ಫುಲ್ ವಾಲ್ಯೂಮಿನ ಇಯರ್‌ಫೋನು 100ರ ಹತ್ತಿರ ಹೋಗಬಲ್ಲದು. ನಮ್ಮ ಗಿಟಾರ್ ರಿಹರ್ಸಲ್ ರೂಮಿನ ಬಗ್ಗೆ ಹೇಳೋದೇ ಬೇಡ. ನಾನೀಗ ಡ್ರಿಲ್ ಹಿಡಿದಾಗಲೂ, ಡ್ರಮ್ಸ್ ಪಕ್ಕ ನಿಂತಾಗಲೂ ಕಿವಿಗೆ ರಕ್ಷಣೆ ಇಲ್ಲದೆ ಇರೋದಿಲ್ಲ.

ಪಕ್ಕದ ಹಳ್ಳಿಯ ಭಜನಾ ತಂಡದವರು ತಮಗೂ ಒಂದು ಡಬ್ಬಿ ಬೇಕು ಅಂದಿದ್ದಾರೆ. ನಮ್ಮ ಓಣಿಯ ಹತ್ತೊಂಬತ್ತರ ಹುಡುಗನೊಬ್ಬ ಕಳೆದ ತಿಂಗಳು ಕಲ್ಲು ಕೊಯ್ಯುವ ಕೆಲಸಕ್ಕೆ ಸೇರಿದ್ದಾನೆ ಅಂತ ಅಪ್ಪ ಹೇಳಿದರು. ಮುಂದಿನ ಸಲ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಖಾಲಿ ಡಬ್ಬಿ, ಎರಡು ಇಯರ್ ಮಫ್. ಒಂದು ನನಗೆ, ಒಂದು ಆ ಹುಡುಗನಿಗೆ. ಹಾಕ್ಕೋ ಅಂತ ಅವನಿಗೆ ಹೇಳುವ ಕೆಲಸ ಅಪ್ಪನದ್ದು. ನಾನು ಹೇಳಿದರೆ ಅವನು ನಗ್ತಾನೆ, ಅಪ್ಪ ಹೇಳಿದರೆ ನಗೋದಿಲ್ಲ.